ಜೆರುಸಲೇಮಿನ ಯುದ್ಧ, ಮಂಗಳೂರಿನ ಕರಾರು

ಹೊಸೂರಿನಿಂದ ಬೆಂಗಳೂರಿಗೆ ಬಸ್ಸು ಹತ್ತುವವರಿಗೆ ಬೊಮ್ಮಸಂದ್ರ, ಬೊಮ್ಮನಹಳ್ಳಿಗಳು ದಿನನಿತ್ಯ ಕಿವಿಗೆ ಬೀಳುವ ಹೆಸರುಗಳು. ಬೊಮ್ಮ ಎಂಬ ಹೆಸರು ಕನ್ನಡ ನಾಡಿನಲ್ಲಿ ಊರಿಗೂ ಉಂಟು, ಮನುಷ್ಯರಿಗೂ ಉಂಟು. ಆದರೆ ಆ ಹೆಸರಿನ ಒಬ್ಬ ಮನುಷ್ಯನನ್ನು 850ಕ್ಕೂ ಹೆಚ್ಚು ವರ್ಷಗಳ ಹಿಂದೆ ಏಡನ್ ಬಂದರಿನ ಯೆಹೂದಿ ವರ್ತಕರು ತಮ್ಮ ಪತ್ರಗಳಲ್ಲಿ ನೆನೆದು ಕುಶಲ ಕೇಳಿದ್ದರೆಂಬುದನ್ನೂ, ಆ ಪತ್ರಗಳು ಈಜಿಪ್ಟಿನ ಒಂದು ಪ್ರಾರ್ಥನಾ ಮಂದಿರದಲ್ಲಿ ಶತಮಾನಗಳ ಕಾಲ ಕೆಡದೆ ಉಳಿದಿದ್ದವೆಂಬುದನ್ನೂ ಬಲ್ಲವರು ವಿರಳ.

ಆ ಬೊಮ್ಮ ಮಂಗಳೂರಿನಲ್ಲಿದ್ದ ಒಬ್ಬ ಯೆಹೂದಿ ವರ್ತಕನ ದಾಸ. ಅವನ ವ್ಯಾಪಾರದ ಪ್ರತಿನಿಧಿಯೂ ಹೌದು. ಆತನ ಒಡೆಯನ ಹೆಸರು ಅಬ್ರಹಾಂ ಬೆನ್ ಯಿಜು. ಈ ಇಬ್ಬರೂ ಬದುಕಿದ್ದ ಕಾಲದಲ್ಲಿಯೇ ಪಶ್ಚಿಮದಲ್ಲಿ ಕ್ರೈಸ್ತರ ಮತ್ತು ಮುಸಲ್ಮಾನರ ಸೈನ್ಯಗಳು ಜೆರುಸಲೇಮಿಗಾಗಿ ಕಾದಾಡುತ್ತಿದ್ದವು. ಯೆಹೂದಿಗಳು ಎರಡರ ನಡುವೆ ಸಿಲುಕಿ ನರಳುತ್ತಿದ್ದರು. ಅದೇ ವರ್ಷಗಳಲ್ಲಿ ಮಂಗಳೂರಿನ ಬಂದರಿನಲ್ಲಿ ಬೇರೆ ಬೇರೆ ಧರ್ಮಗಳವರು ಮೆಣಸಿನ ಲೆಕ್ಕ ಬರೆದುಕೊಳ್ಳುತ್ತಿದ್ದರು. ಒಂದೇ ಕಾಲದ ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡುವುದು ಇಂದಿನ ಮಕ್ಕಳಿಗೆ ಬರಿಯ ಇತಿಹಾಸದ ಪಾಠವಷ್ಟೇ ಅಲ್ಲ.

ಧರ್ಮಯುದ್ಧ ಎಂಬ ಮಾತು

ಶಾಲೆಯ ಚರಿತ್ರೆಯ ಪುಸ್ತಕಗಳಲ್ಲಿ ಕ್ರುಸೇಡ್ ಎಂಬುದನ್ನು ‘ಧರ್ಮಯುದ್ಧ’ ಎಂದು ಕರೆಯುವುದು ರೂಢಿ. ಆದರೆ ಕನ್ನಡಿಗರ ಕಿವಿಯಲ್ಲಿ ಧರ್ಮಯುದ್ಧ ಎಂದರೆ ಕಟ್ಟಳೆಗಳನ್ನು ಮೀರದೆ ಮಾಡುವ ಯುದ್ಧ. ಸೂರ್ಯ ಮುಳುಗಿದ ಮೇಲೆ ಕಾದಬಾರದು, ಆಯುಧ ಕೆಳಗಿಟ್ಟವನನ್ನು ಹೊಡೆಯಬಾರದು, ಶರಣು ಬಂದವನನ್ನು ಕೊಲ್ಲಬಾರದು ಎಂಬ ನಿಯಮಗಳನ್ನು ಕುರುಕ್ಷೇತ್ರದ ಕಥೆ ಕೇಳಿದ ಪ್ರತಿಯೊಂದು ಮಗುವೂ ಬಲ್ಲುದು. ಆ ನಿಯಮಗಳನ್ನು ಮುರಿದಾಗ ಕಥೆ ಹೇಳುವ ಅಜ್ಜಿಯೂ ನಿಟ್ಟುಸಿರು ಬಿಡುತ್ತಾಳೆ.

ಕ್ರುಸೇಡ್ ಅಂಥದಲ್ಲ. 1095ರಲ್ಲಿ ಫ್ರಾನ್ಸಿನ ಕ್ಲೆರ್ಮಾಂಟ್ ಎಂಬಲ್ಲಿ ಎರಡನೆಯ ಅರ್ಬನ್ ಪೋಪ್ ನೀಡಿದ ಕರೆಗೆ ಓಗೊಟ್ಟು ಹೊರಟ ದಂಡುಗಳಲ್ಲಿ ಕೆಲವು, ಜೆರುಸಲೇಮಿನ ದಾರಿ ಹಿಡಿಯುವ ಮೊದಲೇ, 1096ರಲ್ಲಿ ರೈನ್ ನದಿಯ ದಂಡೆಯ ವರ್ಮ್ಸ್, ಮೈನ್ಸ್ ಮುಂತಾದ ಪಟ್ಟಣಗಳಲ್ಲಿ ಯೆಹೂದಿಗಳನ್ನು ಕೊಂದವು. ಸ್ಪೈಯರ್ ಪಟ್ಟಣದಲ್ಲಿ ಮಾತ್ರ ಅಲ್ಲಿನ ಕ್ರೈಸ್ತ ಬಿಷಪ್ಪನೇ ಮುಂದೆ ನಿಂತು ಹೆಚ್ಚಿನ ಯೆಹೂದಿಗಳನ್ನು ಉಳಿಸಿದ. 1099ರ ಜುಲೈ 15ರಂದು ಜೆರುಸಲೇಮ್ ಕ್ರುಸೇಡರ ವಶವಾದಾಗ ನಗರದೊಳಗೆ ಮುಸಲ್ಮಾನರ, ಯೆಹೂದಿಗಳ ಹತ್ಯೆ ನಡೆಯಿತು. ಬದುಕುಳಿದು ಸೆರೆಯಾದವರನ್ನೂ, ದೋಚಿಹೋದ ಧರ್ಮಗ್ರಂಥಗಳನ್ನೂ ಹಣ ತೆತ್ತು ಬಿಡಿಸಿಕೊಳ್ಳಲು ಅಸ್ಕಲಾನಿನ ಯೆಹೂದಿಗಳು ಚಂದಾ ಎತ್ತಿದರು. ಮನುಷ್ಯರನ್ನು ಬಿಡಿಸುವಾಗ ಪುಸ್ತಕಗಳನ್ನು ಮರೆಯದ ಆ ಜನರ ಪತ್ರವೂ ಬೊಮ್ಮನ ಹೆಸರಿರುವ ಪತ್ರಗಳು ದೊರೆತ ರಾಶಿಯಲ್ಲಿಯೇ ದೊರೆತಿದೆ.

ಕಾಗದವನ್ನು ಸುಡದವರ ಉಗ್ರಾಣ

ಕೈರೋ ನಗರದ ಹಳೆಯ ಭಾಗವಾದ ಫುಸ್ತಾತ್‌ನಲ್ಲಿ ಬೆನ್ ಎಜ್ರಾ ಎಂಬ ಯೆಹೂದಿ ಪ್ರಾರ್ಥನಾ ಮಂದಿರವಿದೆ. ದೇವರ ಹೆಸರು ಬರೆದ ಕಾಗದವನ್ನು ಹರಿದೆಸೆಯಬಾರದು, ಸುಡಬಾರದು ಎಂಬುದು ಯೆಹೂದಿಗಳ ಸಂಪ್ರದಾಯ. ಆದುದರಿಂದ ಹಳೆಯ ಬರಹಗಳನ್ನೆಲ್ಲ ಹಾಕಲು ಅಲ್ಲೊಂದು ಕೋಣೆಯಿತ್ತು. ಅದಕ್ಕೆ ಜೆನೀಜಾ ಎಂದು ಹೆಸರು. ಪ್ರಾರ್ಥನೆಯ ಪುಟಗಳೊಡನೆ ವ್ಯಾಪಾರದ ಪತ್ರ, ಮದುವೆಯ ಕರಾರು, ಸಾಲದ ಚೀಟಿ, ಮಕ್ಕಳು ಅಕ್ಷರ ತಿದ್ದಿದ ಹಾಳೆ ಎಲ್ಲವೂ ಅಲ್ಲಿ ಸೇರಿದವು. 1896ರಲ್ಲಿ ಸ್ಕಾಟ್ಲೆಂಡಿನ ಅವಳಿ ಸಹೋದರಿಯರಾದ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ತಂದ ಕೆಲವು ಹಾಳೆಗಳನ್ನು ಕಂಡು ಬೆರಗಾದ ಕೇಂಬ್ರಿಜ್‌ನ ಪಂಡಿತ ಸಾಲೊಮನ್ ಷೆಕ್ಟರ್ ಕೈರೋಗೆ ಹೋಗಿ ಆ ರಾಶಿಯ ಬಹುಭಾಗವನ್ನು ತಂದರು. ಕೇಂಬ್ರಿಜ್ ಒಂದರಲ್ಲೇ ಸುಮಾರು 1,90,000ಕ್ಕೂ ಹೆಚ್ಚು ತುಣುಕುಗಳಿವೆ.

ಈ ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಬೀದಿಯಲ್ಲಿ ಆಡುವುದು ನೆರೆಯವರ ಮಾತು, ಬರೆಯುವಾಗ ಮಾತ್ರ ತಮ್ಮ ಶಾಲೆಯಲ್ಲಿ ಕಲಿತ ಅಕ್ಷರ. ಮನೆಯಲ್ಲಿ ಒಂದು ಮಾತು, ಅಂಗಡಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಲಿಪಿ ಎಂಬ ಬಾಳ್ವೆಯನ್ನು ಹೊಸೂರು, ಡೆಂಕಣಿಕೋಟೆಯ ಕಡೆಯ ಮಕ್ಕಳಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಸ್ವರಗಳನ್ನು ಪೂರ್ತಿಯಾಗಿ ಬರೆಯದ ಲಿಪಿಯಾದ್ದರಿಂದ ಆ ದಾಸನ ಹೆಸರನ್ನು ಹೇಗೆ ಓದಬೇಕು ಎಂಬುದು ವಿದ್ವಾಂಸರಿಗೆ ಪ್ರಶ್ನೆಯಾಗಿತ್ತು. ಜೆನೀಜಾ ಪತ್ರಗಳ ಅಧ್ಯಯನಕ್ಕೆ ಬಾಳನ್ನೇ ಮುಡಿಪಿಟ್ಟವರು ಎಸ್. ಡಿ. ಗೊಯಿಟೈನ್. ಆ ಹಾದಿಯಲ್ಲಿ ನಡೆದ ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದು ಪ್ರೊ. ಬಿ. ಎ. ವಿವೇಕ ರೈ ಅವರಂಥ ತುಳು ವಿದ್ವಾಂಸರೊಡನೆ ಚರ್ಚಿಸಿ ಅದನ್ನು ಬೊಮ್ಮ ಎಂದು ಓದಿದರು. 1992ರಲ್ಲಿ ಪ್ರಕಟವಾದ ಅವರ ಗ್ರಂಥ ಆ ಅನಾಮಿಕನಿಗೆ ಮತ್ತೆ ಒಂದು ಊರನ್ನು ಕೊಟ್ಟಿತು.

ಮಂಜರೂರಿನ ವರ್ತಕ

ಬೆನ್ ಯಿಜು ಹುಟ್ಟಿದ್ದು ಇಂದಿನ ಟ್ಯುನೀಷಿಯಾದ ಮಹ್ದಿಯಾ ಎಂಬ ಕಡಲ ಪಟ್ಟಣದಲ್ಲಿ. ಅಲ್ಲಿಂದ ಏಡನ್‌ಗೆ, ಏಡನ್‌ನಿಂದ ಭಾರತಕ್ಕೆ ಬಂದ. 1132ರ ಹೊತ್ತಿಗೆ ಆತ ಮಂಗಳೂರಿನಲ್ಲಿದ್ದ. ಅರಬ್ಬಿ ವರ್ತಕರ ಬಾಯಲ್ಲಿ ಅದು ಮಂಜರೂರು. ತುಳುನಾಡನ್ನು ಆಗ ಆಳುಪರು ಆಳುತ್ತಿದ್ದರು. ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನನ ಕಾಲ.

ಆತ ಸುಮಾರು 17 ವರ್ಷ ಈ ತೀರದಲ್ಲಿ ನೆಲೆಸಿದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವನ್ನು ಏಡನ್‌ಗೆ ಕಳುಹಿಸುತ್ತಿದ್ದ. ಕಂಚಿನ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯನ್ನೂ ನಡೆಸುತ್ತಿದ್ದ. ಏಡನ್‌ನವರು ತಾಮ್ರವನ್ನೂ ಒಡೆದ ಹಳೆಯ ಪಾತ್ರೆಗಳನ್ನೂ ಕಳುಹಿಸಿ ಇಂಥ ಅಳತೆಯ ಹೊಸ ಪಾತ್ರೆ ಬೇಕೆಂದು ಬರೆಯುತ್ತಿದ್ದರು. ಅತ್ತಣಿಂದ ಬರುತ್ತಿದ್ದುದು ಸಕ್ಕರೆ, ಒಣದ್ರಾಕ್ಷಿ, ಚಾಪೆ ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಕಾಗದ. ತಾಳೆಗರಿಯ ಈ ನಾಡಿನಲ್ಲಿ ಬಿಳಿಯ ಕಾಗದ ದುರ್ಲಭವಾದುದರಿಂದ ಬೆನ್ ಯಿಜು ಬಂದ ಪತ್ರಗಳ ಖಾಲಿ ಜಾಗದಲ್ಲೇ ಲೆಕ್ಕ ಬರೆದುಕೊಳ್ಳುತ್ತಿದ್ದ, ಪದ್ಯ ಕಟ್ಟುತ್ತಿದ್ದ.

ಆ ಪತ್ರಗಳಲ್ಲಿ ಎದ್ದು ಕಾಣುವುದು ಧರ್ಮಗಳ ಗಡಿಯನ್ನು ದಾಟಿದ ವ್ಯವಹಾರ. ಏಡನ್‌ನ ವರ್ತಕರ ಮುಖಂಡನಾದ ಮದ್ಮೂನ್ ಎಂಬ ಯೆಹೂದಿ ಅಲ್ಲಿನ ಮುಸ್ಲಿಂ ಅಧಿಕಾರಿ ಬಿಲಾಲನೊಡನೆ ಪಾಲುದಾರನಾಗಿ ಸಿಂಹಳಕ್ಕೆ ಹಡಗು ಕಳುಹಿಸಿದ. ಅದೇ ಮದ್ಮೂನ್ ಮಂಗಳೂರಿನ ವರ್ತಕರಿಗೆ ತನ್ನ ನಮಸ್ಕಾರ ತಿಳಿಸಿ, ಅವರು ಹಡಗು ಹೊರಡಿಸುವುದಾದರೆ ತಾನೂ ಪಾಲು ಸೇರುವೆನೆಂದು ಬೆನ್ ಯಿಜುವಿನ ಮೂಲಕ ಹೇಳಿ ಕಳುಹಿಸುತ್ತಾನೆ. ಆ ಹೆಸರುಗಳಲ್ಲೊಂದಾದ ‘ಸೂಸ್ ಸೀತಿ’ಯಲ್ಲಿ ನಮ್ಮ ‘ಸೆಟ್ಟಿ’ ಎಂಬ ಮಾತನ್ನು ವಿದ್ವಾಂಸರು ಗುರುತಿಸಿದ್ದಾರೆ. ಸರಕನ್ನು ಹೊತ್ತ ಹಡಗುಗಳಲ್ಲಿ ಹಲವು ಮುಸಲ್ಮಾನ ನಾಖುದರವು. ಸಿರಾಫಿನ ರಾಮಿಶ್ತ್ ಎಂಬ ಮಹಾಶ್ರೀಮಂತ ಮೆಕ್ಕಾದ ಕಾಬಾಕ್ಕೆ ಚಿನ್ನದ ದೋಣಿನಾಳವನ್ನು ಅರ್ಪಿಸಿದ ಭಕ್ತ. ಯೆಹೂದಿಗಳ ಸರಕೂ ಅವನ ಹಡಗುಗಳಲ್ಲಿ ಸಾಗುತ್ತಿತ್ತು. 1135ರ ಸುಮಾರಿಗೆ ಕೀಶ್ ದ್ವೀಪದ ಮುಸ್ಲಿಂ ಅರಸ ಏಡನ್‌ನ ಮೇಲೆ ನೌಕಾಪಡೆ ಕಳುಹಿಸಿದಾಗ ಆ ಬಂದರಿನ ಯೆಹೂದಿಗಳಿಗೂ ಮುಸಲ್ಮಾನರಿಗೂ ಸಮಾನವಾಗಿ ನೆರವಾದದ್ದು ರಾಮಿಶ್ತ್‌ನ ಎರಡು ಹಡಗುಗಳೇ.

ನಂಬಿಕೆಯೆಂದರೆ ಬಾಯಿಮಾತಿನ ಸೌಜನ್ಯವಲ್ಲ, ಲೆಕ್ಕದ ನಿಷ್ಠೆ. ಹಡಗೊಂದು ಏಡನ್‌ನ ಬಳಿ ಮುಳುಗಿದಾಗ ಅಲ್ಲಿನವರು ಮುಳುಗುಗಾರರನ್ನು ಕಳುಹಿಸಿ ಬೆನ್ ಯಿಜುವಿನ ಕಬ್ಬಿಣದ ಒಂದು ಭಾಗವನ್ನು ಮೇಲೆತ್ತಿಸಿದರು. ಮೆಣಸು ಕಡಲ ಪಾಲಾಯಿತು. ಎಷ್ಟು ಉಳಿಯಿತು, ಎಷ್ಟು ಹೋಯಿತು ಎಂಬ ವಿವರವನ್ನು ಅವರು ಆತನಿಗೆ ಬರೆದು ತಿಳಿಸಿದರು. ಆತ ಕಡಲಾಚೆ ಇದ್ದ. ಕಬ್ಬಿಣವೂ ಮುಳುಗಿತೆಂದು ಬರೆದಿದ್ದರೆ ಕೇಳುವವರು ಯಾರಿದ್ದರು? ಮುಂಗಡ ಪಡೆದು ಏಲಕ್ಕಿ ಕೊಡದ ಮಲೆನಾಡ ತೀರದ ಪೂರೈಕೆದಾರನೊಬ್ಬನ ಮೇಲೆ ಪತ್ರಗಳಲ್ಲಿ ಮತ್ತೆ ಮತ್ತೆ ದೂರು ಬರುತ್ತದೆ. ಆದರೆ ಆ ದೂರು ಬಾಕಿಯನ್ನು ಕುರಿತದ್ದು, ಅವನ ಧರ್ಮವನ್ನು ಕುರಿತದ್ದಲ್ಲ.

ಸಾಕ್ಷಿಯ ಸಹಿಗಳು

ಮಂಗಳೂರಿನಲ್ಲಿ 1132ರ ಅಕ್ಟೋಬರ್ 17ರಂದು ಬೆನ್ ಯಿಜು ಒಂದು ಪತ್ರವನ್ನು ಬರೆದ. ಆಶು ಎಂಬ ತನ್ನ ದಾಸಿಯನ್ನು ಬಿಡುಗಡೆ ಮಾಡಿ, ಬೆರಾಖಾ ಎಂಬ ಹೀಬ್ರೂ ಹೆಸರನ್ನಿತ್ತು, ಆಕೆ ಇನ್ನು ಸ್ವತಂತ್ರಳೆಂದು ಘೋಷಿಸುವ ಪತ್ರವದು. ಬೆರಾಖಾ ಆತನ ಸ್ವಂತ ಸಹೋದರಿಯ ಹೆಸರೂ ಹೌದು. ಆಶು ಆತನ ಮಕ್ಕಳ ತಾಯಿಯಾದಳೆಂದೂ, ಆಕೆ ನಾಯರ್ ಮನೆತನದವಳೆಂದೂ ವಿದ್ವಾಂಸರು ಊಹಿಸುತ್ತಾರೆ. ತನ್ನವರೆಂಬ ನ್ಯಾಯಾಲಯವೂ ಇಲ್ಲದ ಪರನಾಡಿನಲ್ಲಿ ಒಬ್ಬಳ ಬಿಡುಗಡೆಯನ್ನು ಬಾಯಲ್ಲಿ ಹೇಳಿ ಮುಗಿಸದೆ, ಬಾಗ್ದಾದಿನಲ್ಲಿದ್ದ ತನ್ನ ಸಮುದಾಯದ ನಾಯಕನ ಹೆಸರನ್ನು ಮುಂದಿಟ್ಟು, ತನ್ನ ಧರ್ಮದ ಕಾನೂನಿಗೆ ತಕ್ಕಂತೆ ಬರೆದುಕೊಟ್ಟುದು ಗಮನಿಸಬೇಕಾದ ಸಂಗತಿ. ಬರೆದು ಕೊಟ್ಟ ಹಕ್ಕನ್ನು ಕೊಟ್ಟವನೇ ಮುಂದೆ ಅಲ್ಲಗಳೆಯಲಾರ.

ಬರಹದ ಮೇಲಿನ ಈ ವಿಶ್ವಾಸ ಪಶ್ಚಿಮ ಕರಾವಳಿಗೆ ಹೊಸದಾಗಿರಲಿಲ್ಲ. ಅದಕ್ಕೆ ಸುಮಾರು ಮೂರು ಶತಮಾನಗಳ ಹಿಂದೆ, 849ರಲ್ಲಿ, ಕೇರಳದ ಕೊಲ್ಲಂನಲ್ಲಿ ವೇಣಾಡಿನ ಅಯ್ಯನ್ ಅಡಿಗಳ್ ಎಂಬ ಅರಸ ಒಂದು ಕ್ರೈಸ್ತ ಇಗರ್ಜಿಗೆ ಹಕ್ಕುಗಳನ್ನು ನೀಡಿ ತಾಮ್ರಪಟ ಬರೆಸಿದ. ಮೂಲ ಬರಹ ವಟ್ಟೆಳುತ್ತಿನಲ್ಲಿದೆ. ಆ ಹಕ್ಕುಗಳನ್ನು ಕಾಯುವ ಹೊಣೆ ಅಂಜುವಣ್ಣಂ, ಮಣಿಗ್ರಾಮಂ ಎಂಬ ವರ್ತಕ ಸಂಘಗಳದು. ಕೊನೆಯಲ್ಲಿ ಸಾಕ್ಷಿಗಳ ಸಹಿಗಳಿವೆ: ಕೆಲವು ಅರಬ್ಬಿ ಲಿಪಿಯಲ್ಲಿ, ಕೆಲವು ಪರ್ಷಿಯಾದ ಪಹ್ಲವಿ ಲಿಪಿಯಲ್ಲಿ, ಕೆಲವು ಹೀಬ್ರೂ ಲಿಪಿಯಲ್ಲಿ. ಹಿಂದೂ ಅರಸ ಕ್ರೈಸ್ತರಿಗೆ ಕೊಟ್ಟ ದಾನಕ್ಕೆ ಮುಸಲ್ಮಾನರೂ ಪಾರಸಿಗಳೂ ಯೆಹೂದಿಗಳೂ ತಮ್ಮ ತಮ್ಮ ಅಕ್ಷರದಲ್ಲಿ ಸಾಕ್ಷಿ ಹಾಕಿದರು. ಸಾಕ್ಷಿ ಹಾಕಲು ಯಾರೂ ತಮ್ಮ ಲಿಪಿಯನ್ನು ಬಿಡಬೇಕಾಗಲಿಲ್ಲ. ತಮ್ಮ ಲಿಪಿಯಲ್ಲಿದೆ ಎಂದು ಯಾರ ಸಾಕ್ಷ್ಯವೂ ಅಸಿಂಧುವಾಗಲಿಲ್ಲ.

ಜೆರುಸಲೇಮಿನ ಯುದ್ಧಗಳ ನಡುವೆಯೂ ಇಂಥ ಬುದ್ಧಿ ಒಮ್ಮೆ ಮಿಂಚಿತ್ತು. 1229ರ ಫೆಬ್ರವರಿಯಲ್ಲಿ ಕ್ರೈಸ್ತ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಮತ್ತು ಈಜಿಪ್ಟಿನ ಸುಲ್ತಾನ ಅಲ್ ಕಾಮಿಲ್ ಹತ್ತು ವರ್ಷಗಳ ಒಪ್ಪಂದ ಮಾಡಿಕೊಂಡರು. ಯುದ್ಧವಿಲ್ಲದೆ ಜೆರುಸಲೇಮ್ ಕ್ರೈಸ್ತರಿಗೆ ಸಂದಿತು. ಮುಸಲ್ಮಾನರ ಪವಿತ್ರ ಸ್ಥಳಗಳು ಅವರ ಕೈಯಲ್ಲೇ ಉಳಿದವು. ಇಬ್ಬರೂ ತಮ್ಮ ತಮ್ಮ ಜನರಿಂದಲೇ ಬೈಗುಳ ತಿಂದರು. ಸಂಧಿ ಮಾಡಿಕೊಂಡವನನ್ನು ಹೇಡಿ ಎನ್ನುವುದು ಅಂದಿನಿಂದಲೂ ಇದೆ.

ಪತ್ರದಲ್ಲಿ ಬಂದ ಯುದ್ಧ

ಮಂಗಳೂರಿಗೆ ಕ್ರುಸೇಡ್ ಬರಲಿಲ್ಲ. ಆದರೆ ಅದರ ಬಿಸಿ ಬೆನ್ ಯಿಜುವಿನ ಮನೆಗೂ ತಟ್ಟಿತು. 1147ರಿಂದ 1149ರವರೆಗೆ ಎರಡನೆಯ ಕ್ರುಸೇಡ್ ನಡೆಯಿತು. ಅದೇ ವರ್ಷಗಳಲ್ಲಿ ಮೊರಾಕೊ, ಸ್ಪೇನ್‌ಗಳಲ್ಲಿ ಅಲ್ಮೊಹಾದ್ ಎಂಬ ಮುಸ್ಲಿಂ ಅರಸುಮನೆತನ ಮೇಲೆದ್ದು ಕ್ರೈಸ್ತರನ್ನೂ ಯೆಹೂದಿಗಳನ್ನೂ ಬಲಾತ್ಕಾರದಿಂದ ಮತಾಂತರಿಸತೊಡಗಿತು. 1148ರಲ್ಲಿ ಸಿಸಿಲಿಯ ಕ್ರೈಸ್ತ ದೊರೆ ಎರಡನೆಯ ರೋಜರ್‌ನ ನೌಕಾಪಡೆ ಮಹ್ದಿಯಾವನ್ನು ಹಿಡಿಯಿತು.

1149ರಲ್ಲಿ ಬೆನ್ ಯಿಜು ಮಕ್ಕಳೊಡನೆ ಏಡನ್‌ಗೆ ಮರಳಿದ. ಆ ಸೆಪ್ಟೆಂಬರ್ 11ರಂದು ಆತ ಒಡಹುಟ್ಟಿದವರಿಗೆ ಬರೆದ ಪತ್ರ ಉಳಿದಿದೆ. ತವರಿನ ಕರಾವಳಿಗೆ ಒದಗಿದ ಗತಿಯನ್ನು ಕೇಳಿದ್ದೇನೆ, ಯಾರು ಬದುಕಿದ್ದೀರಿ ಯಾರು ಇಲ್ಲ ಎಂಬುದೇ ತಿಳಿಯದು ಎಂಬ ಸಂಕಟ ಅದರ ತುಂಬ ಇದೆ. ನಾನು ಗಳಿಸಿದ್ದು ನಮ್ಮೆಲ್ಲರಿಗೂ ಸಾಕು, ಬನ್ನಿ, ನಿಮ್ಮ ಮಗನೊಬ್ಬನಿಗೆ ನನ್ನ ಮಗಳನ್ನು ಕೊಡುವೆ ಎಂದು ಆತ ಕರೆಯುತ್ತಾನೆ. ಆತ ಒಬ್ಬ ಮಗನನ್ನೂ ಕಳೆದುಕೊಂಡ.

ಒಡಹುಟ್ಟಿದವರು ನೆಲೆ ತಪ್ಪಿ ಸಿಸಿಲಿಯನ್ನೇ ಸೇರಿದ್ದರು. ಅಂದರೆ ತಮ್ಮ ಊರನ್ನು ಗೆದ್ದ ದೊರೆಯ ನಾಡನ್ನು. ಆ ದೊರೆಯ ಆಸ್ಥಾನದಲ್ಲಿಯೇ ಅಲ್ ಇದ್ರೀಸಿ ಎಂಬ ಮುಸ್ಲಿಂ ವಿದ್ವಾಂಸ ಕುಳಿತು 1154ರಲ್ಲಿ ಲೋಕಪ್ರಸಿದ್ಧ ಭೂಗೋಳ ಗ್ರಂಥವನ್ನು ಮುಗಿಸಿದ. ಯಾರು ಶತ್ರು, ಯಾರು ಆಶ್ರಯದಾತ ಎಂಬುದು ಆ ಕಾಲದಲ್ಲಿ ಧರ್ಮದ ಹೆಸರಿನಿಂದ ಮಾತ್ರ ತಿಳಿಯುವಂತಿರಲಿಲ್ಲ. ಬೆನ್ ಯಿಜುವಿನ ಅಣ್ಣತಮ್ಮಂದಿರಲ್ಲೊಬ್ಬನೇ ಆತನ ಹಣವನ್ನು ವಂಚಿಸಿದ. ಕಡಲಾಚೆಯ ಪಾಲುದಾರರು ಉಳಿಸಿಕೊಂಡ ಮಾತನ್ನು ರಕ್ತಸಂಬಂಧ ಉಳಿಸಿಕೊಳ್ಳಲಿಲ್ಲ. ಇನ್ನೊಬ್ಬ ಸಹೋದರ ಯೋಸೇಫನ ಮಗ ಮೋಶೆ ಈಜಿಪ್ಟಿಗೆ ಹೊರಟಾಗ ಸೆರೆಸಿಕ್ಕಿ ಕ್ರುಸೇಡರ ಅಧೀನದಲ್ಲಿದ್ದ ಟೈರ್ ಪಟ್ಟಣಕ್ಕೆ ಒಯ್ಯಲ್ಪಟ್ಟು, ಆಮೇಲೆ ಬಿಡುಗಡೆಯಾದ. ಕೊನೆಗೆ 1156ರಲ್ಲಿ ಫುಸ್ತಾತ್‌ನಲ್ಲಿ ಬೆನ್ ಯಿಜುವಿನ ಮಗಳು ಸಿತ್ ಅಲ್ ದಾರ್ ಯೋಸೇಫನ ಹಿರಿಯ ಮಗ ಪೆರಹ್ಯಾನನ್ನು ಮದುವೆಯಾದಳು.

ಅದೇ ಫುಸ್ತಾತ್‌ನಲ್ಲಿ ಕೆಲವೇ ವರ್ಷಗಳಲ್ಲಿ ಮೈಮೊನಿಡೀಸ್ ಎಂಬ ಮಹಾಪಂಡಿತ ನೆಲೆಸಿದ. ಅಲ್ಮೊಹಾದರ ದೆಸೆಯಿಂದ ಸ್ಪೇನ್ ತೊರೆದು ಬಂದ ಈ ಯೆಹೂದಿ, ಮುಂದೆ 1187ರಲ್ಲಿ ಜೆರುಸಲೇಮನ್ನು ಮರಳಿ ಗೆದ್ದ ಸಲಾವುದ್ದೀನನ ಮಂತ್ರಿಯ ವೈದ್ಯನಾದ. ಒಬ್ಬ ಮುಸ್ಲಿಂ ಅರಸನ ನಾಡಿನಿಂದ ಓಡಿಸಲ್ಪಟ್ಟವನಿಗೆ ಇನ್ನೊಬ್ಬ ಮುಸ್ಲಿಂ ಅರಸನ ನಾಡು ಗೌರವ ಕೊಟ್ಟಿತು. ಮನೆತನವನ್ನು ಸಾಕುತ್ತಿದ್ದ ಆತನ ತಮ್ಮ ದಾವೀದ ಭಾರತದ ವ್ಯಾಪಾರಕ್ಕೆ ಹೊರಟವನು ನಮ್ಮ ಕಡಲಿನಲ್ಲಿಯೇ ಮುಳುಗಿ ಸತ್ತ.

ಸ್ವರ್ಗವೂ ಅಲ್ಲ, ಕಥೆಯೂ ಅಲ್ಲ

ಮಂಗಳೂರನ್ನು ಸ್ವರ್ಗವೆಂದು ಬಣ್ಣಿಸಿದರೆ ಸುಳ್ಳಾಗುತ್ತದೆ. ಬೊಮ್ಮ ಏಡನ್‌ವರೆಗೆ ಹೋಗಿ ಸಾವಿರಾರು ಹಣದ ವ್ಯವಹಾರ ನಡೆಸಿದರೂ ದಾಸನೇ. ಆಶುವಿಗೆ ಬಿಡುಗಡೆ ಬೇಕಾಗಿತ್ತೆಂದರೆ ಆಕೆಯನ್ನು ಮೊದಲು ಯಾರೋ ಕೊಂಡಿದ್ದರೆಂದೇ ಅರ್ಥ. 1340ರ ದಶಕದಲ್ಲಿ ಈ ತೀರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ, ಮಂಜರೂರಿನಲ್ಲಿ ಸುಮಾರು 4,000 ಮುಸಲ್ಮಾನರಿದ್ದರೆಂದೂ, ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತಿತ್ತೆಂದೂ, ವರ್ತಕರ ಅಗತ್ಯವಿದ್ದುದರಿಂದ ಅರಸನೇ ರಾಜಿ ಮಾಡಿಸುತ್ತಿದ್ದನೆಂದೂ ಬರೆದಿದ್ದಾನೆ. ಎಷ್ಟು ಪ್ರಾಮಾಣಿಕವಾದ ಮಾತು! ಅಲ್ಲಿಯೂ ಜಗಳವಿತ್ತು. ಅದನ್ನು ದೇವರ ಆಜ್ಞೆಯೆಂದು ಸಾರುವವರ ಬದಲು ಬಗೆಹರಿಸಿ ಮನೆಗೆ ಕಳುಹಿಸುವವರಿದ್ದರು.

ಕಡಲ ಮೇಲೆ ಆ ಬಗೆಹರಿಕೆಯ ಕಾಲ ಮುಗಿದದ್ದು ಪೋರ್ಚುಗೀಸರ ಆಗಮನದಿಂದ. ಕ್ರುಸೇಡಿನ ಕನಸನ್ನೂ ಮೆಣಸಿನ ಆಸೆಯನ್ನೂ ಅವರು ಒಂದೇ ಹಡಗಿನಲ್ಲಿ ತಂದರು. 1502ರಲ್ಲಿ ವಾಸ್ಕೋ ಡ ಗಾಮ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಜನರಿರುವಾಗಲೇ ಸುಟ್ಟ. ಕರಾರಿನ ಜಾಗದಲ್ಲಿ ‘ಕಾರ್ತಾಜ್’ ಎಂಬ ಪರವಾನಗಿ ಬಂತು. ಅದಿಲ್ಲದ ಹಡಗು ಅವರ ಸೊತ್ತು. 1560ರಲ್ಲಿ ಗೋವೆಯಲ್ಲಿ ಧರ್ಮವಿಚಾರಣೆಯ ನ್ಯಾಯಪೀಠ ಸ್ಥಾಪನೆಯಾಯಿತು. ಭಾರತದ ಔಷಧ ಸಸ್ಯಗಳ ಮೇಲೆ 1563ರಲ್ಲಿ ಗ್ರಂಥ ಬರೆದ ಗಾರ್ಸಿಯಾ ಡ ಓರ್ಟಾ ಗುಟ್ಟಾಗಿ ಯೆಹೂದಿ ಧರ್ಮವನ್ನು ಆಚರಿಸುತ್ತಿದ್ದನೆಂಬ ಆರೋಪದ ಮೇಲೆ, ಸತ್ತ ಮೇಲೆ ಅವನ ಮೂಳೆಗಳನ್ನು ಅಗೆದು ಸುಡಲಾಯಿತು. ಅವರನ್ನು ಎದುರಿಸಿದ ಉಳ್ಳಾಲದ ಜೈನ ರಾಣಿ ಅಬ್ಬಕ್ಕನ ಪಡೆಯಲ್ಲಿ ಮೊಗವೀರರೂ ಮುಸಲ್ಮಾನ ನಾವಿಕರೂ ಇದ್ದರೆಂದು ಕರಾವಳಿ ಇಂದಿಗೂ ನೆನೆಯುತ್ತದೆ. ಇದರಿಂದ ಕ್ರೈಸ್ತಧರ್ಮವನ್ನು ದೂರುವಂತಿಲ್ಲ; ಸ್ಪೈಯರ್‌ನ ಬಿಷಪ್ಪನೂ ಕ್ರೈಸ್ತನೇ. ಅಧಿಕಾರವು ದೇವರ ಹೆಸರಿನಲ್ಲಿ ತನಗೆ ತಾನೇ ಪರವಾನಗಿ ಕೊಟ್ಟುಕೊಂಡಾಗ ಯಾವ ಧರ್ಮದವರ ಕೈಯಲ್ಲಾದರೂ ಇದೇ ಆಗುತ್ತದೆ.

ಮಂಗಳೂರಿನ ಮೆಣಸಿನ ಲಾಭ ಯಾರ ಪಾಲಾಯಿತೋ, ಹಡಗುಗಳು ಯಾವ ತಳ ಸೇರಿದವೋ, ಈಗ ಯಾರಿಗೂ ಬೇಡ. ಉಳಿದದ್ದು ಕಾಗದ. ಅದು ಉಳಿದದ್ದು ನೆರೆಯವರ ನಡುವೆ ಬಾಳುತ್ತ, ನೆರೆಯವರ ಮಾತನ್ನೇ ಆಡುತ್ತ, ತಮ್ಮ ಮಕ್ಕಳಿಗೆ ತಮ್ಮ ಅಕ್ಷರವನ್ನು ಬಿಡದೆ ಕಲಿಸಿದ ಒಂದು ಸಣ್ಣ ಸಮುದಾಯದ ದೆಸೆಯಿಂದ. ಆ ಅಕ್ಷರದಲ್ಲಿ ಅವರು ತಮ್ಮವರ ಹೆಸರುಗಳನ್ನಷ್ಟೇ ಬರೆದುಕೊಳ್ಳಲಿಲ್ಲ. ಆದುದರಿಂದಲೇ ಆಶುವಿನ ಬಿಡುಗಡೆ ಇಂದಿಗೂ ಓದಲು ಸಿಗುತ್ತದೆ. ಬೊಮ್ಮನಿಗೆ ಏಡನ್‌ನಿಂದ ಹೇಳಿ ಕಳುಹಿಸಿದ ಕುಶಲ ಅವನ ನಾಡಿನವರಿಗೆ ಈಗ ತಲಪುತ್ತಿದೆ.